ಅಳೆಯದೇ ಕೊಟ್ಟ ಪಾಸ್: ಹಳೇ ಆಸಿಲೋಸ್ಕೋಪ್ ಕ್ಯಾಲಿಬ್ರೇಷನ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಕ್ಯಾಲಿಬ್ರೇಷನ್ ವಿಭಾಗ,
ಬೆಂಗಳೂರು

ವಿಷಯ: ನನ್ನ ಟೆಕ್ಟ್ರಾನಿಕ್ಸ್ 465 ಆಸಿಲೋಸ್ಕೋಪಿನ ಕ್ಯಾಲಿಬ್ರೇಷನ್ ಸರಿಯಾಗಿ ಮಾಡದಿರುವುದು ಮತ್ತು ಹಣ ವಾಪಸ್ ಕೇಳಿ

ಮಾನ್ಯರೇ,

ಹೋದ ತಿಂಗಳು ನಾನೇ ಮೈಸೂರಿನಿಂದ ಕಾರಿನಲ್ಲಿ ತಂದು ಈ ಆಸಿಲೋಸ್ಕೋಪನ್ನು (ವಿದ್ಯುತ್ ಸಿಗ್ನಲ್ಲಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಕ್ಯಾಲಿಬ್ರೇಷನ್‌ಗೆ, ಅಂದರೆ ಅದರ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಲು, ನಿಮ್ಮ ಕೌಂಟರಿನಲ್ಲಿ ಕೊಟ್ಟಿದ್ದೆ. ಕೊರಿಯರಿಗೆ ಹಾಕಲು ಮನಸ್ಸು ಬರಲಿಲ್ಲ. ಒಳಗಿನ ಗಾಜಿನ ಟ್ಯೂಬ್ ಒಡೆದರೆ ಹೊಸದು ಎಲ್ಲಿ ಹುಡುಕಲಿ? ಹನ್ನೆರಡು ದಿನದ ನಂತರ 6,500 ರೂಪಾಯಿ ಕಟ್ಟಿ, 'ಪಾಸ್' ಎಂದು ಬರೆದ ಸರ್ಟಿಫಿಕೇಟಿನ ಜೊತೆ ವಾಪಸ್ ತಂದೆ. ಮನೆಯಲ್ಲಿ ಆನ್ ಮಾಡಿ, 20 ನಿಮಿಷ ಬಿಸಿಯಾಗಲು ಬಿಟ್ಟು ನೋಡಿದೆ. ಕೊಡುವಾಗ ಇದ್ದದ್ದಕ್ಕಿಂತ ಕೆಟ್ಟಿದೆ.

ಇದು ಬರೀ ಅನಿಸಿಕೆ ಅಲ್ಲ. ಕೊಡುವ ಹಿಂದಿನ ರಾತ್ರಿ ಎಲ್ಲಾ ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ನನ್ನ ಬಳಿ ಜಿಪಿಎಸ್‌ಗೆ ಹೊಂದಿಕೊಂಡು ನಡೆಯುವ 10 ಮೆಗಾಹರ್ಟ್ಜ್ ಆಸಿಲೇಟರ್ ಇದೆ, ತುಂಬಾ ನಿಖರವಾದ ಗಡಿಯಾರ ಅನ್ನಿ. ಅದರಿಂದ ಮಿಲಿಸೆಕೆಂಡಿಗೊಂದು ಪಲ್ಸ್ ತೆಗೆದು ಟೈಮ್‌ಬೇಸ್, ಅಂದರೆ ಸ್ಕೋಪ್ ಸಮಯ ಅಳೆಯುವ ಭಾಗ, ಸರಿಯಿದೆಯೇ ಎಂದು ನೋಡುತ್ತೇನೆ. ಮೊದಲು ಎಂಟು ಡಿವಿಷನ್ನಿನಲ್ಲಿ (ಪರದೆಯ ಚೌಕಗಳು, ಒಂದೊಂದರಲ್ಲೂ ಐದು ಸಣ್ಣ ಭಾಗ) ಅರ್ಧ ಸಣ್ಣ ಗೆರೆಯಷ್ಟೂ ವ್ಯತ್ಯಾಸ ಇರಲಿಲ್ಲ. ಈಗ ಒಂದೂವರೆ ಸಣ್ಣ ಗೆರೆ ಹಿಂದೆ ಬೀಳುತ್ತಿದೆ. ಅಂದರೆ ಶೇಕಡಾ 3.75ರಷ್ಟು ತಪ್ಪು. ಮ್ಯಾನ್ಯುಯಲ್ ಒಪ್ಪುವುದು ಶೇಕಡಾ 2 ಮಾತ್ರ.

ಕಾರಣ ಹುಡುಕಲು ಕವರ್ ಬಿಚ್ಚಿದೆ. ಪವರ್ ಸಪ್ಲೈಯಲ್ಲಿ 55 ವೋಲ್ಟ್ ಹೊಂದಿಸುವ ಟ್ರಿಮ್ಮರ್ (ಸ್ಕ್ರೂ ಡ್ರೈವರಿನಿಂದ ತಿರುಗಿಸುವ ಪುಟ್ಟ ಭಾಗ) ಮೇಲೆ, ಯಾರಾದರೂ ತಿರುಗಿಸಿದರೆ ಗೊತ್ತಾಗಲಿ ಎಂದು, ನಾನು ಕೆಂಪು ನೈಲ್ ಪಾಲಿಶ್‌ನ ಒಂದು ಗುರುತು ಹಾಕಿದ್ದೆ. ಅದು ಒಡೆದಿದೆ. ಕೊಡುವಾಗ 54.9 ಇದ್ದದ್ದು ಈಗ 56.6 ಆಗಿದೆ. ಈ ಸ್ಕೋಪಿನಲ್ಲಿ ಉಳಿದ ಸಪ್ಲೈಗಳೆಲ್ಲ ಈ 55 ವೋಲ್ಟನ್ನೇ ನಂಬಿಕೊಂಡಿವೆ. ಅದಕ್ಕೇ ಎಲ್ಲಕ್ಕಿಂತ ಮೊದಲು ಅದನ್ನು ನೋಡಬೇಕು. ಸರಿ ಇದ್ದರೆ ಮುಟ್ಟಬಾರದು. ಮುಟ್ಟಿದರೆ ವರ್ಟಿಕಲ್, ಟ್ರಿಗರ್, ಟೈಮ್‌ಬೇಸ್ ಎಲ್ಲವನ್ನೂ ಮೊದಲಿಂದ ಹೊಂದಿಸಬೇಕು. ನಿಮ್ಮಲ್ಲಿ ಯಾರೋ ಅದನ್ನು ತಿರುಗಿಸಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದಾರೆ. ತಿರುಗಿಸುವ ಮೊದಲು ಎಷ್ಟಿತ್ತು ಎಂದು ಸರ್ಟಿಫಿಕೇಟಿನಲ್ಲಿ ಒಂದು ಸಾಲೂ ಇಲ್ಲ. ನೀವು ಪಾಲಿಸುತ್ತೇವೆ ಎಂದು ಮೇಲೆಯೇ ಅಚ್ಚು ಹಾಕಿಸಿರುವ ಐಎಸ್‌ಒ/ಐಇಸಿ 17025 (ಕ್ಯಾಲಿಬ್ರೇಷನ್ ಲ್ಯಾಬುಗಳ ಅಂತಾರಾಷ್ಟ್ರೀಯ ಮಾನದಂಡ), ಹೊಂದಿಸುವ ಮೊದಲಿನ ಮತ್ತು ನಂತರದ ಅಳತೆ ಲಭ್ಯವಿದ್ದರೆ ಎರಡನ್ನೂ ಕೊಡಬೇಕು ಅನ್ನುತ್ತದೆ. ಮೊದಲಿನದು ಲಭ್ಯವಿಲ್ಲ ಅಂದರೆ ಅಳೆಯದೆಯೇ ತಿರುಗಿಸಿದ್ದೀರಿ ಎಂದರ್ಥ ಅಲ್ವಾ?

ನನಗೆ ಜಾಸ್ತಿ ನೋವಾಗಿದ್ದು ಎರಡನೇ ಪುಟ ನೋಡಿ. 'ಬ್ಯಾಂಡ್‌ವಿಡ್ತ್ 100 ಮೆಗಾಹರ್ಟ್ಜ್, ಪಾಸ್' ಎಂದಿದೆ. ಅಂದರೆ ಅಷ್ಟು ವೇಗದ ಸಿಗ್ನಲ್‌ವರೆಗೂ ಸ್ಕೋಪ್ ಸರಿಯಾಗಿ ತೋರಿಸುತ್ತದೆ ಎಂದು. ಅದೇ ಪುಟದ ಕೆಳಗೆ ನೀವು ಬಳಸಿದ ಉಪಕರಣಗಳ ಪಟ್ಟಿ ಇದೆ. ಒಂದು ಮಲ್ಟಿಮೀಟರ್ ಮತ್ತು 25 ಮೆಗಾಹರ್ಟ್ಜ್‌ವರೆಗಿನ ಒಂದು ಫಂಕ್ಷನ್ ಜನರೇಟರ್ (ಪರೀಕ್ಷೆಗೆ ಸಿಗ್ನಲ್ ಹುಟ್ಟಿಸುವ ಉಪಕರಣ). 25ಕ್ಕೆ ನಿಲ್ಲುವ ಜನರೇಟರಿನಲ್ಲಿ 100 ಹೇಗೆ ಅಳೆದಿರಿ? ಇದಕ್ಕೆ ಮಟ್ಟ ಬದಲಾಗದ ಸೈನ್ ವೇವ್ ಬೇಕು, ಕೇಬಲ್ಲಿನ ಕೊನೆಯಲ್ಲಿ ಸಿಗ್ನಲ್ ಹಿಂದಿರುಗದಂತೆ ತಡೆಯುವ 50 ಓಮ್ ಟರ್ಮಿನೇಷನ್ ಬೇಕು. 50 ಕಿಲೋಹರ್ಟ್ಜ್‌ನಲ್ಲಿ ಆರು ಡಿವಿಷನ್ ಎತ್ತರ ಇಟ್ಟು, 100 ಮೆಗಾಹರ್ಟ್ಜ್‌ಗೆ ಏರಿಸಿದಾಗ ಕನಿಷ್ಠ 4.2 ಡಿವಿಷನ್ ಉಳಿದಿದೆಯೇ ಎಂದು ನೋಡಬೇಕು. ನನ್ನಲ್ಲಿ ಆ ಜನರೇಟರ್ ಇಲ್ಲ. ಅದಕ್ಕೋಸ್ಕರವೇ ನಿಮ್ಮ ಹತ್ತಿರ ಬಂದಿದ್ದು. ಉಳಿದದ್ದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ. ಚಾನೆಲ್ 1ರ ವೋಲ್ಟ್ಸ್ ನಾಬ್ ಈಗ ಜಾರುತ್ತದೆ, ಹತ್ತಿರ ಹೋದರೆ ಎಣ್ಣೆ ವಾಸನೆ. ಆ ನಾಬಿನ ಹಿಂದೆ ಸಿಗ್ನಲ್ಲನ್ನು ತಗ್ಗಿಸುವ ಅಟೆನ್ಯುಯೇಟರ್ ಮೇಲೆಲ್ಲ ಸ್ಪ್ರೇ ಹೊಡೆದಿದ್ದಾರೆ. ಅಲ್ಲಿರುವುದು ಕೂದಲೆಳೆಯಂಥ ಚಿನ್ನದ ಲೇಪದ ಕಾಂಟ್ಯಾಕ್ಟುಗಳು. ಅದರ ಬೋರ್ಡಿನ ಪ್ಲಾಸ್ಟಿಕ್ ಕೂಡ ಬೇರೆ ಜಾತಿಯದು, ಕಂಡ ಕಂಡ ಕ್ಲೀನರ್ ತಡೆಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ಬೇರೇನನ್ನೂ ನಾನು ಅಲ್ಲಿಗೆ ತಾಗಿಸಿಲ್ಲ. ಅದರಲ್ಲಿ ನೆನೆಸಿದ ಕಾಗದದ ಪಟ್ಟಿಯನ್ನು ಕಾಂಟ್ಯಾಕ್ಟಿನ ನಡುವೆ ಮೆಲ್ಲಗೆ ಎಳೆಯುತ್ತೇನೆ, ಅಷ್ಟೇ. ಈಗ ಆ ಚಾನೆಲ್ಲಿನಲ್ಲಿ ಚೂಪಾಗಿ ಕಾಣಬೇಕಾದ ಸ್ಕ್ವೇರ್ ವೇವ್‌ನ (ಚೌಕಾಕಾರದ ಸಿಗ್ನಲ್) ಮೂಲೆ ದುಂಡಗಾಗಿದೆ.

465 ಮಾದರಿ ಬಂದದ್ದು 1972ರಲ್ಲಿ, ಅಮೆರಿಕದ ಆರೆಗನ್‌ನಿಂದ. ಅದರ ಮ್ಯಾನ್ಯುಯಲ್‌ನಲ್ಲಿ ಪೂರ್ತಿ ಸರ್ಕ್ಯೂಟ್ ಇದೆ, ಯಾವ ಟ್ರಿಮ್ಮರ್ ಯಾವಾಗ ತಿರುಗಿಸಬೇಕು ಎಂಬುದೂ ಇದೆ. ನನ್ನದು ಕಾಲೇಜೊಂದರ ಹರಾಜಿನಲ್ಲಿ ಸತ್ತ ಸ್ಥಿತಿಯಲ್ಲಿ ಸಿಕ್ಕಿತು. ಒಂದು ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿತ್ತು. ಅದನ್ನು ಬದಲಿಸಿ, ಹಸಿರು ಗೆರೆ ಮೂಡಿದ ದಿನ ನನ್ನ ಮಗಳನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದ್ದೆ. ಹಳೇದು ಅಂತ ಸುಮ್ನೆ ಮುದ್ರೆ ಒತ್ತಿ ಕಳಿಸುವಂಥ ವಸ್ತು ಇದಲ್ಲ. ಆಗುವುದಿಲ್ಲ ಎಂದು ಕೌಂಟರಿನಲ್ಲೇ ಹೇಳಿದ್ದರೆ ನಾನು ನಿಮಗೆ ಧನ್ಯವಾದ ಹೇಳಿ ವಾಪಸ್ ಬರುತ್ತಿದ್ದೆ.

ಸ್ಕೋಪನ್ನು ಮತ್ತೆ ನಿಮ್ಮ ಕೈಗೆ ಕೊಡುವುದಿಲ್ಲ. 55 ವೋಲ್ಟಿನಿಂದ ಶುರು ಮಾಡಿ ನಾನೇ ಹೊಂದಿಸುತ್ತೇನೆ. ನನಗೆ ಬೇಕಾಗಿರುವುದು ಇಷ್ಟು. 6,500 ರೂಪಾಯಿ ಪೂರ್ತಿ ವಾಪಸ್ ಕೊಡಿ. ಕೆಲಸ ಮಾಡಿದವರು ಬರೆದುಕೊಂಡ ಮೂಲ ಅಳತೆಗಳ ಹಾಳೆ ಇದ್ದರೆ ಅದರ ಪ್ರತಿ ಕಳಿಸಿ. ಯಾವ ಸ್ಪ್ರೇ ಬಳಸಿದಿರಿ ಎಂದು ತಿಳಿಸಿ, ಅದನ್ನು ತೆಗೆಯಲು ನನಗೆ ಅದು ಗೊತ್ತಾಗಲೇಬೇಕು. ಆ ಸರ್ಟಿಫಿಕೇಟನ್ನು ರದ್ದು ಮಾಡಿದ್ದೀರಿ ಎಂದು ಲಿಖಿತವಾಗಿ ಕೊಡಿ. 15 ದಿನದಲ್ಲಿ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ನೋಟ್‌ಬುಕ್ಕಿನ ಪುಟಗಳು, ರಸೀದಿ, ಸರ್ಟಿಫಿಕೇಟಿನ ಪ್ರತಿ ಮತ್ತು ಒಡೆದ ಕೆಂಪು ಗುರುತಿನ ಫೋಟೋ ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ,
ಮೈಸೂರು