ಎಣಿಸುವ ಮೊದಲು ಸಹಿ ಪರಿಶೀಲಿಸು

ಪ್ರೀತಿಯ ಸುಮಾಳಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನ್ಯೂಯಾರ್ಕಿನಲ್ಲಿ ಪಕ್ಷೇತರರೊಬ್ಬರನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆಗೆ ನಿಲ್ಲಿಸಲು ಓಡಾಡುತ್ತಿದ್ದೀಯ ಎಂದು ತಿಳಿದು ಸಂತೋಷವಾಯಿತು. ಭಾಷಣ, ಕರಪತ್ರ ಎಲ್ಲ ಆಮೇಲೆ. ಮತದಾರರ ಸಹಿಯಿರುವ ಅರ್ಜಿ ಸಲ್ಲಿಸಿ ಮತಪತ್ರದಲ್ಲಿ ಹೆಸರು ಬರಿಸುವುದೇ ಮೊದಲ ಯುದ್ಧ. ಅಲ್ಲಿ ಸೋಲಿಸುವುದು ಬಹುಮಟ್ಟಿಗೆ ಕಾಗದಪತ್ರದ ತಪ್ಪು.

ದೊಡ್ಡ ಪಕ್ಷದವರು ಪ್ರೈಮರಿಗೆ, ಅಂದರೆ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಗೆ, ನಿಲ್ಲಲು 1,250 ಸಹಿ ತಂದರೆ ಸಾಕು. ತಮ್ಮ ಪಕ್ಷದ ನೋಂದಾಯಿತರಿಂದಲೇ ತರಬೇಕು, ನಿಜ. ಆದರೂ ಪಕ್ಷೇತರರಿಗೆ 3,500, ಅದೂ ಆರೇ ವಾರದಲ್ಲಿ ಎನ್ನುವುದು ನನ್ನ ಪ್ರಕಾರ ನ್ಯಾಯವಲ್ಲ. ರಾಜ್ಯಮಟ್ಟದ ಹುದ್ದೆಗಳಿಗಂತೂ 15,000 ಇದ್ದದ್ದನ್ನು 2020ರಲ್ಲಿ 45,000ಕ್ಕೆ ಏರಿಸಿದರು.

ನೀವು 5,500ರ ಗುರಿ ಇಟ್ಟುಕೊಳ್ಳಿ. ಆರು ಜನರಿದ್ದರೆ ತಲಾ ದಿನಕ್ಕೆ ಇಪ್ಪತ್ತೆರಡು. ಇಷ್ಟು ಹೆಚ್ಚುವರಿ ಏಕೆಂದರೆ ಸಹಿಗಳು ಬಿದ್ದುಹೋಗುತ್ತವೆ: ಕೆಲವರ ಹೆಸರು ಮತದಾರರ ಪಟ್ಟಿಯಲ್ಲೇ ಇರುವುದಿಲ್ಲ, ಕೆಲವರು ಪಕ್ಕದ ಕ್ಷೇತ್ರದವರು, ಇನ್ನು ಕೆಲವರು ಅದೇ ಹುದ್ದೆಗೆ ಬೇರೆಯವರ ಅರ್ಜಿಗೆ ಮೊದಲೇ ಸಹಿ ಹಾಕಿರುತ್ತಾರೆ. ದಿನಾ ರಾತ್ರಿ ಅಂದಿನ ಹಾಳೆಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ. ಯಾವ ಜಾಗದಲ್ಲಿ ಹೆಚ್ಚು ಸಹಿ ಕೆಡುತ್ತಿವೆ ಎಂದು ಗೊತ್ತಾದರೆ ಮರುದಿನವೇ ಜಾಗ ಬದಲಿಸಬಹುದು.

ಹಾಳೆಯ ಅಡಿಯಲ್ಲಿ ಸಹಿ ಸಂಗ್ರಹಿಸಿದವರು ಕೊಡುವ ಸಾಕ್ಷಿ ಹೇಳಿಕೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಮೇಲೊಂದು ಸಹಿ ಕೆಟ್ಟರೆ ಹೋಗುವುದು ಒಂದೇ. ಅಡಿಯಲ್ಲಿ ಕೆಟ್ಟರೆ ಇಡೀ ಹಾಳೆ ಹೋಗಬಹುದು. ನೋಟರಿ ಇಲ್ಲದಿದ್ದರೆ ಸಾಕ್ಷಿ ಆ ರಾಜ್ಯದ ನೋಂದಾಯಿತ ಮತದಾರನೇ ಆಗಿರಬೇಕು, ಸಹಿಗಳು ತನ್ನೆದುರೇ ಬಿದ್ದಿರಬೇಕು. ದಿನಾಂಕ ತಪ್ಪಾದರೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಾಕ್ಷಿಯ ಕಿರುಸಹಿ ಹಾಕಿಸು. ವೈಟ್ನರ್ ಮುಟ್ಟಲೇಬೇಡ.

ಇನ್ನು ದುಡ್ಡು. ಗ್ರೀನ್ ಕಾರ್ಡ್ ಇರುವವರು ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದ ಗೆಳೆಯರಿಂದ ಒಂದು ಡಾಲರನ್ನೂ ಪಡೆಯುವಂತಿಲ್ಲ. ಅವರು ಸಂಬಳವಿಲ್ಲದೆ ಕೆಲಸ ಮಾಡಬಹುದು, ಖರ್ಚಿನ ತೀರ್ಮಾನದಲ್ಲಿ ಮಾತ್ರ ಸೇರಕೂಡದು. ನಮ್ಮವರು ಪ್ರೀತಿಯಿಂದ ಕಂಪನಿ ಖಾತೆಯ ಚೆಕ್ ಕೊಟ್ಟುಬಿಡುತ್ತಾರೆ. ಕಾರ್ಪೊರೇಷನ್ನಿನ ಹಣ ಅಭ್ಯರ್ಥಿಗೆ ನಿಷಿದ್ಧ, ನಯವಾಗಿ ವಾಪಸ್ ಮಾಡು. ಒಬ್ಬರಿಂದ ನಗದು 100 ಡಾಲರ್ ಮೀರಬಾರದು. ದೇಣಿಗೆ ಒಟ್ಟು 200 ಡಾಲರ್ ದಾಟಿದರೆ ಹೆಸರು, ವಿಳಾಸ, ಉದ್ಯೋಗ, ಕೆಲಸ ಕೊಟ್ಟವರ ಹೆಸರು ಫೆಡರಲ್ ಚುನಾವಣಾ ಆಯೋಗಕ್ಕೆ ಕೊಡುವ ವರದಿಯಲ್ಲಿ ಬರಬೇಕು. ಕೊಟ್ಟ ಕ್ಷಣದಲ್ಲೇ ಬರೆಸಿಕೋ, ಆಮೇಲೆ ಫೋನಿಗೆ ಸಿಗುವುದಿಲ್ಲ. ಸಂಗ್ರಹವೋ ಖರ್ಚೋ 5,000 ಡಾಲರ್ ದಾಟಿದ 15 ದಿನದೊಳಗೆ ಅಭ್ಯರ್ಥಿ ಆ ಆಯೋಗದಲ್ಲಿ ನೋಂದಣಿ ಮಾಡಿಸಬೇಕು. ಅಲ್ಲಿನ ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಹೊರಗಿನ ಗುಂಪುಗಳು ಸ್ವತಂತ್ರ ಪ್ರಚಾರಕ್ಕೆ ಮಿತಿಯಿಲ್ಲದೆ ಸುರಿಯಬಹುದಾದರೆ, ಅಭ್ಯರ್ಥಿಯ ಸಮಿತಿಗೆ ಮಾತ್ರ ಈ ಬಿಗಿ. ನನಗೆ ಇದು ನೋವಿನ ಸಂಗತಿ.

ಅರ್ಜಿ ಸಲ್ಲಿಸುವ ಮುನ್ನ ಪ್ರತಿ ಹಾಳೆಯ ನಕಲು ತೆಗೆದು, ಪುಟಸಂಖ್ಯೆ ಹಾಕಿಡು. ಮೂರು ದಿನದೊಳಗೆ ಆಕ್ಷೇಪಣೆ ಬರಬಹುದು, ಆಮೇಲಿನ ಆರು ದಿನದಲ್ಲಿ ಸಾಲುಸಾಲಾಗಿ ಅದರ ವಿವರ. ವಕೀಲರನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಇಂತಿ ನಿನ್ನ,
ಚಿಕ್ಕಪ್ಪ