ಬಾವಲಿ ತೋಪಿನ ಪಕ್ಕದವರ ರಕ್ತ ಪರೀಕ್ಷೆ ಮಾಡಿಸಿ, ತೋಪು ಕಡಿಸಬೇಡಿ

ಇವರಿಗೆ,
ಜಿಲ್ಲಾ ಆರೋಗ್ಯಾಧಿಕಾರಿಗಳು
(ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಮೂಲಕ)

ವಿಷಯ: ಬಾವಲಿಗಳ ಹತ್ತಿರ ವಾಸಿಸುವವರಿಗೆ ಹಿಂದೆ ಕೊರೊನಾ ಜಾತಿಯ ವೈರಸ್ ತಗುಲಿತ್ತೇ ಎಂದು ಪರೀಕ್ಷಿಸುವ ಬಗ್ಗೆ

ಮಾನ್ಯರೇ,

ನಮ್ಮ ಕೇರಿಯ ಹಿಂದೆಯೇ ಹುಣಸೆ ತೋಪು. ದೊಡ್ಡ ಬಾವಲಿಗಳು ನಮ್ಮ ತಾತಂದಿರ ಕಾಲದಿಂದ ಅಲ್ಲೇ ಇವೆ. ಹಾಳು ಗುಡಿಯೊಳಗೆ ಸಣ್ಣ ಜಾತಿಯವು ಬೇರೆ. ಗುಡಿಯೊಳಗಿನ ಹಿಕ್ಕೆ ಗುಡಿಸಿ, ಮೂಟೆ ಕಟ್ಟಿ ಹೊಲಕ್ಕೆ ಹಾಕುತ್ತೇವೆ. ಮೂಗಿಗೆ ಒಂದು ಟವೆಲ್ಲೂ ಕಟ್ಟುವುದಿಲ್ಲ. ಬಾವಲಿ ಕಚ್ಚಿ ಬೀಳಿಸಿದ ಸೀಬೆಹಣ್ಣನ್ನು ಮಕ್ಕಳು ಅಂಗಿಗೆ ಒರೆಸಿಕೊಂಡು ತಿಂದುಬಿಡುತ್ತಾರೆ.

ಚೀನಾದ ಯುನ್ನಾನ್ ಪ್ರಾಂತ್ಯದ ಜಿನ್ನಿಂಗ್‌ನಲ್ಲಿ 2015ರಲ್ಲೇ, ಕೋವಿಡ್‌ಗೂ ಮುಂಚೆ, ಬಾವಲಿ ಗುಹೆಗಳ ಹತ್ತಿರದ ನಾಲ್ಕು ಹಳ್ಳಿಗಳ 218 ಜನರ ರಕ್ತ ಪರೀಕ್ಷಿಸಿದ್ದರು. 6 ಜನರಲ್ಲಿ ಸಾರ್ಸ್ (ಕೋವಿಡ್‌ಗೂ ಮುಂಚೆ ಹರಡಿದ್ದ ಕೊರೊನಾ ಜಾತಿಯ ಉಸಿರಾಟದ ಕಾಯಿಲೆ) ಬಗೆಯ ಬಾವಲಿ ವೈರಸ್ಸಿನ ವಿರುದ್ಧದ ಪ್ರತಿಕಾಯ, ಅಂದರೆ ವೈರಸ್ ತಗುಲಿದಾಗ ಮೈ ತಯಾರಿಸಿ ರಕ್ತದಲ್ಲಿ ಉಳಿಸುವ ಗುರುತು, ಸಿಕ್ಕಿತು. ಹಿಂದಿನ ಒಂದು ವರ್ಷದಲ್ಲಿ ಆ ಆರು ಜನಕ್ಕೆ ಹೇಳಿಕೊಳ್ಳುವಂಥ ಕಾಯಿಲೆಯೇ ಬಂದಿರಲಿಲ್ಲ. ಹೋಲಿಕೆಗೆಂದು ನೋಡಿದ, ದೂರದ ವುಹಾನ್ ನಗರದ 240 ರಕ್ತದಾನಿಗಳಲ್ಲಿ ಒಬ್ಬರಲ್ಲೂ ಆ ಪ್ರತಿಕಾಯ ಇರಲಿಲ್ಲ.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ 2020ರ ವರದಿಯಲ್ಲಿ ಕೇರಳ, ತಮಿಳುನಾಡು ಮುಂತಾದ ಕಡೆಯ ಬಾವಲಿಗಳಲ್ಲಿ ಕೋವಿಡ್‌ನದಲ್ಲದ ಬೇರೆ ಕೊರೊನಾ ವೈರಸ್‌ಗಳು ಕಂಡಿದ್ದವು. ಕರ್ನಾಟಕದ ಮಾದರಿಗಳಲ್ಲಿ ಸಿಗಲಿಲ್ಲ. ಸಂತೋಷ. ಆದರೆ ಅಲ್ಲಿ ನೋಡಿದ್ದು ಬಾವಲಿಗಳನ್ನು, ನಮ್ಮನ್ನಲ್ಲ ಅಲ್ವಾ?

ದಯವಿಟ್ಟು ಮಾಮೂಲಿ ಕೋವಿಡ್ ಪ್ರತಿಕಾಯದ ಕಿಟ್ ತಂದು ಸುಮ್ನೆ ಬೆರಳು ಚುಚ್ಚಿ ಹೋಗಬೇಡಿ. ಲಸಿಕೆ ಹಾಕಿಸಿಕೊಂಡಿದ್ದೇವೆ, ಕೋವಿಡ್ಡೂ ಬಂದು ಹೋಗಿದೆ. ಊರಿಗೆ ಊರೇ ಪಾಸಿಟಿವ್ ಬಂದೀತು. ಬಾವಲಿ ವೈರಸ್ಸನ್ನೇ ಬೇರೆ ಮಾಡಿ ಗುರುತಿಸಬಲ್ಲ ಲ್ಯಾಬಿಗೆ ಮಾದರಿ ಕಳಿಸಿ. ಯಾರು ಯಾವ ಲಸಿಕೆ ಹಾಕಿಸಿಕೊಂಡಿದ್ದಾರೆ ಎಂದೂ ಬರೆದುಕೊಳ್ಳಿ. ಕೋವಿಶೀಲ್ಡ್ ಲಸಿಕೆಯು ಕೋವಿಡ್ ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಪ್ರೋಟೀನ್‌ಗೆ ಮಾತ್ರ ಪ್ರತಿಕಾಯ ಹುಟ್ಟಿಸುತ್ತದೆ. ಕೋವ್ಯಾಕ್ಸಿನ್ ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸಿನದು, ವೈರಸ್ಸಿನ ಬೇರೆ ಭಾಗಗಳಿಗೂ ಪ್ರತಿಕಾಯ ಹುಟ್ಟಿಸಬಲ್ಲದು, ಅದರ ಲೆಕ್ಕವೇ ಬೇರೆ. ಹೋಲಿಸಿ ನೋಡಲು ಬಾವಲಿ ಇಲ್ಲದ ಒಂದು ಊರಿನವರ ರಕ್ತವೂ ಬೇಕು.

ರಕ್ತ ತೆಗೆಯುವ ಮುಂಚೆ ಯಾಕೆ, ಏನು ಎಂದು ಕನ್ನಡದಲ್ಲಿ ವಿವರಿಸಿ ಒಪ್ಪಿಗೆ ಪಡೆಯಿರಿ. ಬೇಡ ಎಂದವರನ್ನು ಬಿಟ್ಟುಬಿಡಿ. ಫಲಿತಾಂಶ ಆಯಾ ವ್ಯಕ್ತಿಯ ಕೈಗೇ ಸಿಗಲಿ, ಪಂಚಾಯಿತಿಯ ವಾಟ್ಸಾಪ್ ಗುಂಪಿಗೆ ಬೇಡ. ಪ್ರತಿಕಾಯ ಇದ್ದರೆ ಈಗ ಕಾಯಿಲೆ ಇದೆ ಎಂದಲ್ಲ, ಅಂಟಿಸುತ್ತಾರೆ ಎಂದೂ ಅಲ್ಲ. ಇದನ್ನು ಆಶಾ ಕಾರ್ಯಕರ್ತೆಯರು ಮೊದಲೇ ಮನೆ ಮನೆಗೆ ಹೇಳಬೇಕು. ಇಲ್ಲದಿದ್ದರೆ ಬಾವಲಿ ರೋಗದ ಊರು ಅಂತ ನಮ್ಮ ಹುಡುಗರಿಗೆ ಹೆಣ್ಣು ಕೊಡುವುದನ್ನೇ ನಿಲ್ಲಿಸಿಯಾರು!

ಇನ್ನೊಂದು ಮಾತು. ಲಾಕ್‌ಡೌನ್ ಸಮಯದಲ್ಲಿ ಕೆಲವರು ತೋಪಿನಲ್ಲಿ ಪಟಾಕಿ ಹೊಡೆದರು. ಬಾವಲಿಗಳು ಗಾಬರಿಯಾಗಿ ಶಾಲೆಯ ಮರಗಳಿಗೆ ಬಂದು ಜೋತುಬಿದ್ದವು. ದೂರ ಇದ್ದುದನ್ನು ಮಕ್ಕಳ ತಲೆ ಮೇಲೆ ತಂದಂತಾಯಿತು. ಫಲಿತಾಂಶ ಏನೇ ಬರಲಿ, ಮರ ಕಡಿಯುವುದು, ಓಡಿಸುವುದು ಆಗಬಾರದು ಎಂದು ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ.

ಪರೀಕ್ಷೆಗೆ ತಡವಾದರೂ ಸರಿ, ಗುಡಿ ಗುಡಿಸುವವರಿಗೆ ಮಾಸ್ಕ್ ಮತ್ತು ಗ್ಲೌಸ್ ಈ ತಿಂಗಳೇ ಕೊಡಿಸಿ. ರಕ್ತ ತೆಗೆಯಲು ಬರುವವರು ಬೆಳಿಗ್ಗೆ ಕೂಲಿಗೆ ಹೊರಡುವ ಮುಂಚೆ ಬಂದರೆ ಎಲ್ಲರೂ ಸಿಗುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹುಣಸೆ ತೋಪಿನ ಕೇರಿಯ ನಿವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಹಾಳೆ ಲಗತ್ತಿಸಿದೆ)