ರೆಕಾರ್ಡಿಂಗ್ ಆದ ಮೇಲೆ ತಿದ್ದುಪಡಿ ಬಂದರೆ?

ಕಲಬುರಗಿ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದ.

ತೊಗರಿಯ ಕಾಯಿ ಕೊರೆದು ತಿನ್ನುವ ಕೀಡಿ, ಕಾಯಿಕೊರಕದ ಬಗೆಗಿನ ಆನ್‌ಲೈನ್ ಕೋರ್ಸು ನಿನ್ನ ಕೈಗೆ ಬಂದದ್ದು ಸಂತೋಷ. ಆದರೆ ‘ಧ್ವನಿ, ಅನಿಮೇಷನ್ ಎಲ್ಲ ಮುಗಿದ ಮೇಲೆ ವಿಜ್ಞಾನಿಗಳು ತಿದ್ದುಪಡಿ ಹೇಳಿದರೆ ಏನು ಗತಿ’ ಎಂದು ಬರೆದೆಯಲ್ಲ, ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ನಿನ್ನ ಭಯ ಸುಳ್ಳಲ್ಲವ್ವ. ಕೀಡಿಗೆ ಸಿಂಪಡಿಸುವ ಬೇವಿನ ಬೀಜದ ಕಷಾಯದ ಒಂದು ಅಂಕಿಯನ್ನೇ ನೋಡು. ತೆರೆಯ ಬರಹದಲ್ಲಿ ‘ಶೇ 5’, ನಿರೂಪಣೆಯಲ್ಲಿ ‘100 ಲೀಟರ್ ನೀರಿಗೆ 5 ಕಿಲೋ ತಿರುಳು’, ಪ್ರಶ್ನೆಯ ಸರಿಯುತ್ತರದಲ್ಲಿ ಮತ್ತೊಮ್ಮೆ. ಸ್ಟೋರಿಬೋರ್ಡಿನಲ್ಲಿ, ಅಂದರೆ ಒಂದೊಂದು ತೆರೆಯ ಚಿತ್ರ, ಬರಹ, ನಿರೂಪಣೆ, ಟಿಪ್ಪಣಿಗಳನ್ನು ಕಾಲಮ್ ಮಾಡಿ ಬರೆದ ಕರಡಿನಲ್ಲಿದ್ದಾಗ, ತಿದ್ದಲು ಒಂದು ಗೀಟು ಸಾಕು. ಆಮೇಲಾದರೆ ಮೂರೂ ಕಡೆ ಕೆಡವಿ ಕಟ್ಟಬೇಕು. ಅದಕ್ಕೇ, ಅಂಕಿ ಯಾವ ಯಾವ ತೆರೆಯಲ್ಲಿ ಬರುತ್ತದೆಂದು ಟಿಪ್ಪಣಿ ಕಾಲಮ್ಮಿನಲ್ಲಿ ಬರೆದಿಡು. ತೆರೆಗೊಂದು ಆಡಿಯೊ ಫೈಲ್ ಇರಲಿ, ಆಗ ಒಂದೇ ತುಣುಕು ಮತ್ತೆ ಓದಿಸಿದರಾಯಿತು.

ನಮ್ಮ ಕಾಲದ ತರಬೇತಿಯಲ್ಲಿ ಈ ಹೆದರಿಕೆ ಇರಲಿಲ್ಲ. ರೈತರು ಎದುರಿಗೇ ಕೂತಿರುತ್ತಿದ್ದರು, ತಿಳಿಯದಿದ್ದರೆ ಅಲ್ಲೇ ಕೇಳುತ್ತಿದ್ದರು. ಆದರೂ ಪಾಠವನ್ನು ಹೀಗೆ ಕಾಗದದ ಮೇಲೆ ಬಿಡಿಸಿ ನೋಡುವುದನ್ನು ನಮಗೆ ಯಾರೂ ಕಲಿಸಲಿಲ್ಲವೆಂಬ ಕೊರಗು ಉಳಿದಿದೆ.

ಒಂದು ತೆರೆ ತಗೋ. ಚಿತ್ರದಲ್ಲಿ ಕೀಡಿಯ ತಲೆ ಕಾಯಿಯ ಒಳಗೆ, ಮೈ ಹೊರಗೆ. ವಿವರಣೆ ನಿರೂಪಣೆಗೆ ಬಿಡು. ಬರಹಕ್ಕೆ ‘ತಲೆ ಒಳಗೆ, ಮೈ ಹೊರಗೆ’ ಅಷ್ಟೇ ಸಾಕು. ಎರಡೂ ಕಡೆ ಅದೇ ವಾಕ್ಯವಿದ್ದರೆ ಜನ ಕಿವಿಗೊಡದೆ ಓದಿ ಮುಂದೆ ಹೋಗುತ್ತಾರೆ. ‘ಇದು ಯಾವ ಕೀಟ’ ಎಂಬ ಪ್ರಶ್ನೆಗೆ ‘ಕಾಯಿನೊಣ’ ಒತ್ತಿದವರಿಗೆ ಬರೀ ‘ತಪ್ಪು’ ಎನ್ನಬೇಡ, ‘ಕಾಯಿನೊಣದ ಮರಿ ಕಾಯಿಯೊಳಗೇ ಇದ್ದು ತಿನ್ನುತ್ತದೆ, ಹೊರಗೆ ಕಾಣದು’ ಎಂದು ಬರೆ. ಪರಿಶೀಲಿಸುವವರು ಓದದೆ ಬಿಡುವುದು ಇಂಥ ಉತ್ತರಗಳನ್ನೇ, ಕೊನೆಗೆ ತಕರಾರು ಏಳುವುದೂ ಇಲ್ಲೇ. ಚಿತ್ರದ ಕಾಲಮ್ ಖಾಲಿ ಬಿಡಬೇಡ. ಹೂ-ಕಾಯಿ ಹೊತ್ತು ದಾಟಿದರೆ ಆ ಫೋಟೊಕ್ಕೆ ಮುಂದಿನ ಹಂಗಾಮು ಕಾಯಬೇಕು.

ಮತ್ತೆ ಆ ತಿದ್ದುಪಡಿಯ ಮಾತಿಗೇ ಬರುತ್ತೇನೆ. ಇಡೀ ಕೋರ್ಸು ಒಮ್ಮೆಗೇ ಕಳಿಸಿದರೆ ಕೊನೆಯ ಪಾಠಗಳನ್ನು ಯಾರೂ ಗಮನವಿಟ್ಟು ನೋಡುವುದಿಲ್ಲ. ಒಂದೊಂದೇ ಪಾಠ ಕಳಿಸು, ಆವೃತ್ತಿ ಸಂಖ್ಯೆ, ತಾರೀಕು ಹಾಕು, ಒಪ್ಪಿಗೆ ಬರಹದಲ್ಲೇ ತಗೋ. ಸ್ಟುಡಿಯೊಕ್ಕೆ ಹೋಗುವ ಮೊದಲು ನಿನ್ನ ಫೋನಿನಲ್ಲೇ ಓದಿ ವಿಜ್ಞಾನಿಗಳಿಗೆ ಕೇಳಿಸಬಹುದು. ಓದುವಾಗ ದಾಟಿಹೋದ ತಪ್ಪು ಕೇಳುವಾಗ ಸಿಗುತ್ತದೆ.

ಇಷ್ಟಾದರೂ ಒಂದೆರಡು ತಿದ್ದುಪಡಿ ಬಂದಾವು, ಎದೆಗುಂದಬೇಡ. ಕೇಳದೆಯೇ ಇಷ್ಟೆಲ್ಲ ಹೇಳಿದೆ, ಬೇಸರ ಮಾಡಿಕೊಳ್ಳಬೇಡ. ಮೊದಲ ಪಾಠದ ಸ್ಟೋರಿಬೋರ್ಡು ನನಗೂ ಕಳಿಸು. ಆಳಂದ, ಜೇವರ್ಗಿ ಕಡೆಯ ರೈತರಿಗೆ ಅದರ ಮಾತು ತಿಳಿಯುತ್ತದೋ ಇಲ್ಲವೋ ನೋಡಿ ಬರೆಯುತ್ತೇನೆ.

ನಿನ್ನ ದೊಡ್ಡಪ್ಪ